ಊರಿನ ಹೆಸರು ಉಳಿದರೆ ಸಾಕಾ?

ಮೀರಜ್–ಬೆಳಗಾವಿ ರೈಲಿನಲ್ಲಿ ಓಡಾಡುವವರಿಗೆ ಘಟಪ್ರಭಾ ಅಂದ್ರೆ ಒಂದು ಸ್ಟೇಷನ್. ಭೂಗೋಳದ ಪುಸ್ತಕದಲ್ಲಿ ಅದು ನದಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಂ ದಾಟಿ, ಗೋಕಾಕದಲ್ಲಿ ಜಲಪಾತವಾಗಿ ಧುಮುಕಿ, ಮೂಡಲಗಿ ಕಡೆ ಹರಿಯುತ್ತೆ. ಆದ್ರೆ ಅಲ್ಲಿನ ಪಟ್ಟಣ ಪಂಚಾಯಿತಿಯ ಹೆಸರು ಮಲ್ಲಾಪುರ ಪಿ.ಜಿ. ಜನರ ಬಾಯಲ್ಲಿರೋ ಊರು ಒಂದು, ಕಚೇರಿ ಬೋರ್ಡಿನ ಮೇಲಿರೋದು ಇನ್ನೊಂದು.

ಊರಿನ ಹೆಸರು ಬೇರೆ, ಅಧಿಕಾರ ಬೇರೆ. ಊರುಗಳನ್ನು ಸೇರಿಸಿ ಹೊಸ ನಗರ ಮಾಡುವಾಗ ಈ ವ್ಯತ್ಯಾಸ ಎದ್ದು ಕಾಣುತ್ತೆ.

ಜಪಾನ್ ಇದನ್ನು ದೊಡ್ಡ ಮಟ್ಟದಲ್ಲೇ ಮಾಡಿತು. ಖರ್ಚು ಉಳಿಸೋಕೆ ಅಂತ ಸಣ್ಣ ಊರುಗಳನ್ನು ಒಂದಕ್ಕೊಂದು ಸೇರಿಸಿದರು. 1999ರಲ್ಲಿ 3,232 ಇದ್ದ ಸ್ಥಳೀಯ ಸಂಸ್ಥೆಗಳು 2010ಕ್ಕೆ 1,727 ಆದವು. 2001ರ ಮೇ 1ರಂದು ಉರಾವಾ, ಒಮಿಯಾ, ಯೋನೊ ಸೇರಿ ಸೈತಾಮಾ ಅನ್ನೋ ಹೊಸ ನಗರ ಹುಟ್ಟಿತು. ಆಮೇಲೆ ನಗರವನ್ನು ವಲಯಗಳಾಗಿ ಹಂಚಿದಾಗ ಉರಾವಾ, ಒಮಿಯಾ ಹೆಸರುಗಳು ಉಳಿದವು. ಹಳೇ ಯೋನೊ ಇದ್ದ ಜಾಗಕ್ಕೆ ಮಾತ್ರ 'ಚುಓ', ಅಂದ್ರೆ 'ಕೇಂದ್ರ', ಅನ್ನೋ ಹೆಸರು ಬಂತು. ಯೋನೊ ಈಗ ಮುಖ್ಯವಾಗಿ ರೈಲ್ವೆ ಸ್ಟೇಷನ್‌ಗಳ ಬೋರ್ಡಿನಲ್ಲಿ ಸಿಗುತ್ತೆ. ಆದ್ರೆ ಪ್ರತಿ ವಲಯಕ್ಕೂ ಅದರದ್ದೇ ಕಚೇರಿ ಇದೆ. ಹೆಸರು ಹೋದರೂ ಅರ್ಜಿ ಕೊಡೋ ಕಿಟಕಿ ಹತ್ತಿರದಲ್ಲೇ ಉಳಿಯಿತು.

ನಮ್ಮಲ್ಲಿ ಧಾರವಾಡದ ಕಥೆ ಇದಕ್ಕೆ ಉಲ್ಟಾ. 1962ರಲ್ಲಿ, ಸುಮಾರು 20 ಕಿ.ಮೀ. ದೂರದ ಹುಬ್ಬಳ್ಳಿ ಜೊತೆ ಸೇರಿಸಿ ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆ ಮಾಡಿದರು. ಧಾರವಾಡದ ಹೆಸರಿಗೇನೂ ಆಗಲಿಲ್ಲ. ಜಿಲ್ಲೆ, ವಿಶ್ವವಿದ್ಯಾಲಯ, ಪೇಡೆ ಎಲ್ಲ ಹಾಗೇ ಇವೆ. ಹೋಗಿದ್ದು ಸ್ವಂತ ಸಭೆ, ಸ್ವಂತ ಬಜೆಟ್.

ಇಲ್ಲಿ ಲೆಕ್ಕ ನೋಡಬೇಕು. ಪಾಲಿಕೆಯ 82 ವಾರ್ಡ್‌ಗಳಲ್ಲಿ ಧಾರವಾಡದ ಪಾಲು ಅಂತ ಗುರುತಿಸಿದ್ದು 26. ಅಷ್ಟೂ ಸದಸ್ಯರು ಪಕ್ಷ ಮರೆತು ಒಟ್ಟಿಗೆ ಕೈ ಎತ್ತಿದರೂ ಆಚೆ ಕಡೆ 56 ಇರ್ತಾರೆ. ರಸ್ತೆ, ಕುಡಿಯೋ ನೀರು, ಚರಂಡಿಯ ದುಡ್ಡು ಎಲ್ಲಿಗೆ ಹೋಗಬೇಕು ಅನ್ನೋದು ಇದೇ ಲೆಕ್ಕದಲ್ಲಿ ತೀರ್ಮಾನ ಆಗುತ್ತೆ. 'ಅನುದಾನವೆಲ್ಲ ಹುಬ್ಬಳ್ಳಿಗೆ' ಅನ್ನೋ ದೂರು ಹುಟ್ಟಿದ್ದು ಹೀಗೆ. 2018ರಲ್ಲಿ ಚಿಗರಿ ಬಸ್ ಎರಡೂ ಊರಿನ ನಡುವಿನ ಓಡಾಟವನ್ನು ಸಲೀಸು ಮಾಡಿತು, ಆದ್ರೆ ಈ ಲೆಕ್ಕ ಬದಲಾಗಲಿಲ್ಲ. ವರ್ಷಗಟ್ಟಲೆ ಹೋರಾಟ ನಡೆದ ಮೇಲೆ, 2025ರ ಜನವರಿಯಲ್ಲಿ ಪ್ರತ್ಯೇಕ ಧಾರವಾಡ ಪಾಲಿಕೆಗೆ ಸಚಿವ ಸಂಪುಟ ಒಪ್ಪಿತು.

ಹಾಗಂತ ಬೇರೆ ಆಗೋದೇ ಮದ್ದು ಅಂತಲ್ಲ. ಸ್ವಂತ ಪಾಲಿಕೆ ಬಂದರೆ ಸಂಬಳ, ರಿಪೇರಿ, ಕಸದ ಗಾಡಿ ಎಲ್ಲದಕ್ಕೂ ತಾನೇ ದುಡ್ಡು ಹೊಂದಿಸಬೇಕು. ದೊಡ್ಡ ನಗರಕ್ಕೆ ಸಿಗೋ ಕೆಲವು ಯೋಜನೆ ಸಣ್ಣ ಊರಿಗೆ ಸಿಗದೇ ಹೋಗಬಹುದು. ಸೇರಿಸೋದಕ್ಕೂ ಬಿಡಿಸೋದಕ್ಕೂ ಬೆಲೆ ಇದ್ದೇ ಇದೆ.

ನಮ್ಮಲ್ಲಿ ಸಿವಿಲ್ ಓದೋರು ನಾಳೆ ಇಂಥ ನಗರಗಳಿಗೇ ಪೈಪ್‌ಲೈನ್ ಎಳೀತಾರೆ. ಉಳಿದವರು ಅಲ್ಲೇ ಮನೆ ಮಾಡಿ ತೆರಿಗೆ ಕಟ್ತಾರೆ. ಮುಂದೊಂದು ದಿನ ಘಟಪ್ರಭಾದ ಸುತ್ತಲಿನ ಊರುಗಳನ್ನು ಸೇರಿಸೋಣ ಅನ್ನೋ ಮಾತು ಬಂದರೆ, 'ಹೆಸರು ಯಾವುದು' ಅನ್ನೋದಕ್ಕಿಂತ ಮೊದಲು ನಾವು ಕೇಳಬೇಕಾದ್ದು ಮೂರು: ನಮ್ಮ ಕಡೆಗೆ ಎಷ್ಟು ವಾರ್ಡ್? ಕಚೇರಿ ಎಷ್ಟು ದೂರ? ನಾವು ಕಟ್ಟೋ ತೆರಿಗೆಯಲ್ಲಿ ಎಷ್ಟು ನಮ್ಮ ಬೀದಿಗೆ ವಾಪಸ್ ಬರುತ್ತೆ?