ಹದ್ದುಗಳ ದ್ವೀಪಕ್ಕೆ ಬಿದ್ದ ಗುಂಡು

ಮರಗಳ ಬುಡದಲ್ಲೆಲ್ಲ ಮೂಳೆಗಳು. ಹೆಚ್ಚಿನವು ಕಡಲ ಹಾವಿನವು, ಉಳಿದವು ಮೀನಿನವು. ಮೇಲೆ ಕೊಂಬೆಗಳಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದುಗಳ ದೊಡ್ಡದೊಂದು ವಸಾಹತು. ಹೊನ್ನಾವರದಿಂದ ದಕ್ಷಿಣಕ್ಕೆ ಮೂವತ್ತು ಮೈಲಿಯಷ್ಟು ದೂರದ ದ್ವೀಪವೊಂದರ ಈ ನೋಟವನ್ನು ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್ ತನ್ನ ‘ಬರ್ಡ್ಸ್ ಆಫ್ ಇಂಡಿಯಾ’ ಗ್ರಂಥದಲ್ಲಿ ಬರೆದಿಟ್ಟ. ಅದರ ಮೊದಲ ಸಂಪುಟ ಅಚ್ಚಾದದ್ದು 1862ರಲ್ಲಿ. ಹದ್ದು ಏನು ತಿನ್ನುತ್ತದೆ ಎಂಬುದನ್ನು ತಿಳಿಸಲೆಂದು ಸೇರಿಸಿದ ಒಂದೆರಡು ಸಾಲು ಅದು. ಆದರೆ ಆ ಸಾಲುಗಳನ್ನು ಓದಿದ ಮೇಲೆ ನನಗೆ ಆ ದ್ವೀಪವನ್ನು ಬಿಟ್ಟು ಬೇರೆ ಯೋಚನೆ ಬರಲಿಲ್ಲ. ಅಷ್ಟು ಹದ್ದುಗಳನ್ನು ಸಾಕುವಷ್ಟು ಹಾವು, ಅಷ್ಟು ಹಾವುಗಳನ್ನು ಸಾಕುವಷ್ಟು ಮೀನು ಆ ಕಡಲಲ್ಲಿ ಇದ್ದವು ಎಂಬುದಕ್ಕೆ ಆ ಮೂಳೆಗಳ ರಾಶಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂಗ್ಲಿಷರ ನಕ್ಷೆಯಲ್ಲಿ ಪಿಜನ್ ಐಲೆಂಡ್ ಎನ್ನಿಸಿಕೊಂಡ ಆ ದ್ವೀಪ ನಮ್ಮ ನೇತ್ರಾಣಿ. ಉತ್ತರ ಕನ್ನಡ ಜಿಲ್ಲೆ, ಭಟ್ಕಳ ತಾಲ್ಲೂಕು. ಮುರ್ಡೇಶ್ವರದ ದಂಡೆಯಿಂದ ಸುಮಾರು ಹತ್ತು ನಾಟಿಕಲ್ ಮೈಲಿ. ಜೆರ್ಡನ್ ಪಕ್ಷಿಶಾಸ್ತ್ರವನ್ನು ಉದ್ಯೋಗವಾಗಿ ಮಾಡಿದವನಲ್ಲ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಗೆ ಸಹಾಯಕ ಸರ್ಜನ್ ಆಗಿ ಬಂದ ವೈದ್ಯ. ಸಿಪಾಯಿಗಳ ಜ್ವರ, ಗಾಯ ನೋಡುತ್ತ, ರೆಜಿಮೆಂಟ್ ಹೋದಲ್ಲಿಗೆಲ್ಲ ಹೋಗಿ, ಬಿಡುವಿನಲ್ಲಿ ಹಕ್ಕಿ, ಹಾವು, ಇರುವೆಗಳನ್ನು ಬರೆದುಕೊಂಡ. ಈ ದ್ವೀಪದ ಹದ್ದುಗಳ ಲೆಕ್ಕವನ್ನು ಪುಸ್ತಕಕ್ಕೆ ಏರಿಸಿದ್ದು ಒಬ್ಬ ಮಿಲಿಟರಿ ಡಾಕ್ಟರು ಎಂಬುದನ್ನು ಮುಂದಿನ ಕಥೆಗಾಗಿ ನೆನಪಿಟ್ಟುಕೊಳ್ಳಬೇಕು.

ಜೆರ್ಡನ್ ನಂತರ, 1875ರಲ್ಲಿ, ಎ. ಓ. ಹ್ಯೂಮ್ ಹಡಗಿನಲ್ಲಿ ಪಶ್ಚಿಮ ಕರಾವಳಿ ಮತ್ತು ಲಕ್ಷದ್ವೀಪ ಸುತ್ತುವಾಗ ಇಲ್ಲಿಗೂ ಬಂದ. ಮುಂದೆ ಕಾಂಗ್ರೆಸ್ ಸ್ಥಾಪನೆಗೆ ಕಾರಣನಾದ ಅದೇ ಹ್ಯೂಮ್. ಇಲ್ಲಿನ ಗವಿಗಳಲ್ಲಿ ಗೂಡು ಕಟ್ಟುವ ಸ್ವಿಫ್ಟ್‌ಲೆಟ್‌ಗಳು ಆ ಕಾಲದ ಪಕ್ಷಿತಜ್ಞರಿಗೆ ಚೆನ್ನಾಗಿ ಗೊತ್ತಿದ್ದವು; ತನ್ನ ಜೊಲ್ಲಿನಿಂದಲೇ ಬಂಡೆಗೆ ಗೂಡು ಅಂಟಿಸುವ ಪುಟ್ಟ ಹಕ್ಕಿ ಅದು. ಊರಿನ ಮೀನುಗಾರರಿಗೆ ಮಾತ್ರ ಇವೆಲ್ಲ ಎರಡನೆಯ ಮಾತು. ಅವರಿಗೆ ಅದು ಜಟ್ಟಿಗ ಎಂಬ ದೇವರ ಜಾಗ. ಬಿರುಗಾಳಿಯಲ್ಲಿ ದೋಣಿ ಉಳಿದರೆ ಹರಕೆಯ ಆಡು, ಕೋಳಿ ಒಯ್ದು ಅಲ್ಲಿ ಬಿಟ್ಟು ಬರುವುದು ತಲೆಮಾರುಗಳ ವಾಡಿಕೆ. ದೇವರ ಭಯ ಇದ್ದಲ್ಲಿ ಕೊಡಲಿ ಆಡುವುದಿಲ್ಲ. ನಮ್ಮ ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನಿಗೆ ಗಾಳ ಹಾಕದಿರುವುದೂ ಇದೇ ಭಯ, ಇದೇ ಭಕ್ತಿಯಿಂದ. ಮಲೆನಾಡಿನಲ್ಲಿ ದೇವರಕಾಡು ಉಳಿದದ್ದೂ ಹೀಗೆಯೇ. ನೇತ್ರಾಣಿ ಕಡಲ ನಡುವಿನ ಒಂದು ದೇವರಕಾಡು.

ಸ್ವಾತಂತ್ರ್ಯದ ನಂತರ ಅದೇ ದ್ವೀಪ ನೌಕಾಪಡೆಯ ಗುರಿ ಅಭ್ಯಾಸದ ಜಾಗವಾಯಿತು. ಸೇನೆಯ ಲೆಕ್ಕಾಚಾರ ಸರಳ: ಜನವಸತಿ ಇಲ್ಲ, ದಂಡೆಯಿಂದ ದೂರ, ಕಡಲಿನಿಂದ ನೆಟ್ಟಗೆ ಎದ್ದು ನಿಂತ ಬಂಡೆ, ಹಡಗಿನ ತೋಪಿಗೆ ಹೇಳಿ ಮಾಡಿಸಿದ ಗುರಿ. ಕಡಲ ಕಾವಲಿಗೆ ನಿಂತವರು ಗುಂಡು ಹೊಡೆಯಲು ಕಲಿಯಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ನಿರ್ಜನ ಎಂಬುದು ಮನುಷ್ಯರ ಲೆಕ್ಕ. ದ್ವೀಪಕ್ಕೆ ಹೋಗಿಬಂದ ಪಕ್ಷಿತಜ್ಞರಿಗೆ, ಮುಳುಗುಗಾರರಿಗೆ ಹದ್ದಿನ ಗೂಡಿನ ಜೊತೆಗೆ ಶೆಲ್ಲಿನ ಚೂರುಗಳೂ ಕಂಡವು. ಪರಿಸರದವರು ಅರ್ಜಿ ಬರೆದರು, ಪತ್ರಿಕೆಗಳು ಬರೆದವು, ಜೀವವೈವಿಧ್ಯ ಮಂಡಳಿಯವರು ಬೇರೆ ಗುರಿ ಹುಡುಕಿಕೊಳ್ಳಿ ಎಂದರು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರದ ವಿಜ್ಞಾನಿಗಳು ನೀರಿಗಿಳಿದು ಹವಳ ಮತ್ತು ಹವಳದ ಮೀನುಗಳ ಪಟ್ಟಿ ಮಾಡಿದರು. ಕರ್ನಾಟಕದ ಕಡಲಲ್ಲಿ ಹವಳ ಇಷ್ಟು ಚೆನ್ನಾಗಿ ಬೆಳೆದಿರುವ ಜಾಗ ಮತ್ತೊಂದಿಲ್ಲ. ಮಳೆಗಾಲದ ಕೆಸರುನೀರನ್ನು ತಡೆದುಕೊಂಡು ಉಳಿದ ಹವಳ ಅದು.

ಇದೆಲ್ಲ ಆಲೂರು ತಾಲ್ಲೂಕಿನ ಕುಂದೂರಿನ ಕಡೆಯ ನಮಗೇಕೆ ಎಂದು ಕೇಳುವವರಿದ್ದಾರೆ. ನಮ್ಮ ಹಳ್ಳದ ನೀರು ಹೇಮಾವತಿ ಸೇರಿ ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಕಲೇಶಪುರ ದಾಟಿ ಬಿಸಿಲೆ ಕಡೆ ಹೋದರೆ ನೆಲದ ಇಳಿಜಾರು ತಿರುಗುತ್ತದೆ. ಅಲ್ಲಿನ ಮಳೆ ಕುಮಾರಧಾರೆ, ನೇತ್ರಾವತಿಯಾಗಿ ಅರಬ್ಬೀ ಸಮುದ್ರಕ್ಕೆ. ಎರಡು ಕಡಲಿಗೆ ನೀರು ಕಳಿಸುವ ಬೆಟ್ಟ ನಮ್ಮದು. ಬದಲಿಗೆ ಕಡಲು ನಮಗೆ ಬಂಗುಡೆ, ಬೂತಾಯಿ ಕಳಿಸುತ್ತದೆ. ಶಿರಾಡಿ ಘಾಟಿ ಹತ್ತಿ ಬರುವ ಮೀನಿನ ಗಾಡಿ ತಡವಾದರೆ ಸಕಲೇಶಪುರದ ಪೇಟೆಯಲ್ಲಿ ಅದೇ ಮಾತು.

ನೀರಿನೊಳಗಿನ ಸ್ಫೋಟ ಏನು ಮಾಡುತ್ತದೆ ಎಂಬುದನ್ನೂ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಳೆಯ ಮಡುವಿಗೆ ತೋಟೆ ಎಸೆದು ಮೀನು ಹಿಡಿಯುವ ಕೆಟ್ಟ ಚಾಳಿ ಘಟ್ಟದ ಮೇಲೂ ಕೆಳಗೂ ಇತ್ತು, ಈಗಲೂ ಕದ್ದುಮುಚ್ಚಿ ಇದೆ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ, ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಸ್ಫೋಟದ ಒತ್ತಡದ ಅಲೆ ಮೀನಿನ ಹೊಟ್ಟೆಯ ಗಾಳಿಚೀಲವನ್ನು ಒಡೆಯುತ್ತದೆ. ತೇಲಿದ್ದನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ತಳಕ್ಕೆ ಹೋದ ಮರಿಯ ಲೆಕ್ಕ ಯಾರೂ ಇಡುವುದಿಲ್ಲ. ಒಂದು ತೋಟೆಗೆ ಇಷ್ಟಾದರೆ ನೂರಾರು ಕಿಲೋ ಮದ್ದು ತುಂಬಿದ ಬಾಂಬಿಗೆ ಎಷ್ಟಾದೀತು?

ಇನ್ನು ಸಿಡಿಯದೆ ಉಳಿದ ಗುಂಡು. ಅಭ್ಯಾಸದಲ್ಲಿ ಹಾರಿಸಿದ್ದೆಲ್ಲ ಸಿಡಿಯುವುದಿಲ್ಲ. ಕೆಲವು ನೀರಿಗೆ ಬಿದ್ದು ತಳ ಸೇರುತ್ತವೆ. ಹಂದಿಗೆಂದು ಬೇಲಿಯಂಚಿನಲ್ಲಿ ಇಟ್ಟು ಮರೆತ ಸಿಡಿಮದ್ದಿನ ಉಂಡೆಯನ್ನು ಮೇಯಲು ಹೋದ ಹಸು ಕಚ್ಚಿ ದವಡೆ ಕಳೆದುಕೊಳ್ಳುವುದನ್ನು ನಮ್ಮ ಕಡೆಯವರು ನೋಡಿದ್ದಾರೆ. ಕಡಲ ತಳದ ಗುಂಡೂ ಅಂಥದ್ದೇ, ಇಟ್ಟವನು ಹೋದ ಮೇಲೂ ಕಾಯುತ್ತ ಕೂತಿರುತ್ತದೆ. ಉಪ್ಪುನೀರಿಗೆ ಕಬ್ಬಿಣದ ಕವಚ ತುಕ್ಕು ಹಿಡಿದು ತೆಳುವಾಗುತ್ತದೆ, ಒಳಗಿನ ಟಿಎನ್‌ಟಿ ನೀರಿಗೆ ಇಳಿಯುತ್ತದೆ. ಜರ್ಮನಿಯ ಕೀಲ್ ಬಳಿಯ ಕಡಲಲ್ಲಿ, ಯುದ್ಧಕಾಲದ ಮದ್ದುಗುಂಡು ಬಿದ್ದಿರುವ ಕೋಲ್‌ಬರ್ಗರ್ ಹೈಡೆ ಎಂಬಲ್ಲಿ, ವಿಜ್ಞಾನಿಗಳು ಇಟ್ಟು ನೋಡಿದ ನೀಲಿಕಲ್ಲು ಎಂಬ ಚಿಪ್ಪುಜೀವಿಯ ಮಾಂಸದಲ್ಲಿ ಟಿಎನ್‌ಟಿಯ ಅಂಶ ಸಿಕ್ಕಿತು.

ಹಾಗಾದರೆ ತೆಗೆದುಬಿಡೋಣ ಎನ್ನುವುದು ಸಹಜ. ಇಲ್ಲಿಂದ ಮುಂದೆ ಸ್ಕಾಟ್‌ಲೆಂಡಿನ ಒಂದು ಕಥೆಯನ್ನು ಹೇಳಲೇಬೇಕು. ಆ ನಾಡಿನ ವಾಯವ್ಯ ತುದಿ ಕೇಪ್ ರಾತ್. ಅಲ್ಲಿ ಕಡಲಲ್ಲಿ ಗಾರ್ವಿ ಎಂಬ ಪುಟ್ಟ ಬಂಡೆದ್ವೀಪ. ನೇತ್ರಾಣಿಯ ಹಾಗೆಯೇ ಅದೂ ಸೇನೆಯ ಗುರಿ. ಯುದ್ಧವಿಮಾನಗಳು ಸಾವಿರ ಪೌಂಡಿನ ನಿಜವಾದ ಬಾಂಬ್ ಹಾಕಿ ಅಭ್ಯಾಸ ಮಾಡುವ ಜಾಗ. ಗುರಿ ತಪ್ಪಿ ನೀರಿಗೆ ಬಿದ್ದು ಸಿಡಿಯದೆ ಉಳಿದವನ್ನು ಆಗಾಗ ತೆರವು ಮಾಡುತ್ತಿದ್ದರು. ತೆರವು ಎಂದರೆ ಇದ್ದಲ್ಲೇ ಸಿಡಿಸುವುದು. 2011ರ ಜುಲೈ 22ರಂದು ಹತ್ತಿರದ ಕೈಲ್ ಆಫ್ ಡರ್ನೆಸ್ ಎಂಬ ಹಿನ್ನೀರಿಗೆ ಪೈಲಟ್ ತಿಮಿಂಗಿಲಗಳ ದೊಡ್ಡ ಹಿಂಡು ನುಗ್ಗಿತು. ಇಳಿತದಲ್ಲಿ 39 ತಿಮಿಂಗಿಲಗಳು ಮರಳಿನ ಮೇಲೆ ಸಿಕ್ಕಿಬಿದ್ದವು. ಊರಿನವರು, ರಕ್ಷಣೆಯವರು, ಕೊನೆಗೆ ನೌಕಾಪಡೆಯ ಮುಳುಗುಗಾರರೂ ಸೇರಿ ದಿನವಿಡೀ ದುಡಿದು ಕೆಲವನ್ನು ಆಳಕ್ಕೆ ಮರಳಿಸಿದರು. 19 ಸತ್ತವು.

ತನಿಖೆಗೆ ವರ್ಷಗಳು ಹಿಡಿದವು. 2015ರಲ್ಲಿ ಹೊರಬಂದ ವರದಿ ರೋಗ, ಹಸಿವು ಮೊದಲಾದ ಒಂದೊಂದೇ ಕಾರಣವನ್ನು ಪರಿಶೀಲಿಸಿ ಬದಿಗಿಟ್ಟು, ಹಿಂದಿನ ದಿನದಲ್ಲಿ ನಡೆದ ಬಾಂಬ್ ತೆರವಿನ ಸ್ಫೋಟಗಳತ್ತ ಬೆರಳು ತೋರಿತು. ತಿಮಿಂಗಿಲ ಕಿವಿಯಿಂದ ದಾರಿ ಕಾಣುವ ಪ್ರಾಣಿ. ಕಿವಿ ಕೆಟ್ಟರೆ ಅದಕ್ಕೆ ದಂಡೆ ಯಾವುದು, ಆಳ ಯಾವುದು ತಿಳಿಯದು. ಗುರಿ ಅಭ್ಯಾಸ ಕೊಂದದ್ದು ಬೇರೆ. ಇಲ್ಲಿ ಕೊಂದದ್ದು ಸ್ವಚ್ಛಗೊಳಿಸುವ ಕೆಲಸ. ಗುಂಡು ಬಿದ್ದದ್ದು ಒಂದು ತಪ್ಪಾದರೆ ಅದನ್ನು ಅವಸರದಲ್ಲಿ ತೆಗೆಯುವುದು ಎರಡನೆಯ ತಪ್ಪು. ಸಾಲದೆಂಬಂತೆ 2019ರ ಆಗಸ್ಟಿನಲ್ಲಿ ಬಾಲ್ಟಿಕ್ ಸಮುದ್ರದ ಫೆಮಾರ್ನ್‌ಬೆಲ್ಟ್‌ನಲ್ಲಿ, ಅದೂ ಸಂರಕ್ಷಿತ ಪ್ರದೇಶದೊಳಗೆ, ಎರಡನೇ ಮಹಾಯುದ್ಧದ 42 ಬ್ರಿಟಿಷ್ ಮೈನುಗಳನ್ನು ಸಿಡಿಸಲಾಯಿತು. ನಂತರದ ವಾರಗಳಲ್ಲಿ ಪೋರ್‌ಪಸ್ ಎಂಬ ಚಿಕ್ಕ ಕಡಲಹಂದಿಗಳ ಹೆಣಗಳು ದಂಡೆಗೆ ಬಂದವು. ಪರೀಕ್ಷಿಸಿದವುಗಳಲ್ಲಿ ಹಲವಕ್ಕೆ ಕಿವಿಯೊಳಗೆ ಸ್ಫೋಟದ ಗಾಯ.

ಇಂಥ ಸಾವುಗಳನ್ನು ತಪ್ಪಿಸಲು ಒಂದು ಹೊಸ ಕಸುಬೇ ಬೆಳೆದಿದೆ. ಈಗ ಯುರೋಪಿನಲ್ಲಿ ಸಿಡಿಸಲೇಬೇಕಾದ ಬಾಂಬಿನ ಸುತ್ತ ತೂತು ಕೊರೆದ ಕೊಳವೆಯನ್ನು ಬಳೆಯಂತೆ ಹಾಸಿ ಗಾಳಿ ಒತ್ತುತ್ತಾರೆ. ಮೇಲೇಳುವ ಗುಳ್ಳೆಗಳ ಪರದೆ ಒತ್ತಡದ ಅಲೆಯನ್ನು ಮುರಿಯುತ್ತದೆ. ಇನ್ನೊಂದು ವಿಧಾನದಲ್ಲಿ ಸಣ್ಣ ಮದ್ದಿನಿಂದ ಕವಚ ತೂರಿ ಒಳಗಿನ ಸ್ಫೋಟಕವನ್ನು ಸಿಡಿಯಗೊಡದೆ ಸುಟ್ಟುಹಾಕುತ್ತಾರೆ. ಶಬ್ದ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಸಿಡಿಸದೆ ಎತ್ತುವುದು. 2024ರಲ್ಲಿ ಜರ್ಮನಿ ಲ್ಯೂಬೆಕ್ ಕೊಲ್ಲಿಯಲ್ಲಿ ರೋಬಾಟುಗಳಿಂದ ಮದ್ದುಗುಂಡು ಎತ್ತಿಸುವ ಪ್ರಯೋಗ ಆರಂಭಿಸಿತು. ಯೋಜನೆಗೆ ಇಟ್ಟ ಹಣ 10 ಕೋಟಿ ಯೂರೊ.

ಅಲ್ಲೇ ಇನ್ನೊಂದು ತೊಡಕು ಎದುರಾಯಿತು. ಅದೇ ಕೊಲ್ಲಿಯ ಹಳೆಯ ಸಿಡಿತಲೆಗಳನ್ನು ಪರಿಶೀಲಿಸಿದವರಿಗೆ, ಕವಚದ ಲೋಹದ ಮೇಲೆ ಚದರ ಮೀಟರಿಗೆ ಸರಾಸರಿ 40 ಸಾವಿರಕ್ಕೂ ಹೆಚ್ಚು ಜೀವಿಗಳು ಸಿಕ್ಕವು. 2025ರಲ್ಲಿ ಅದು ಪ್ರಕಟವಾಯಿತು. ಸುತ್ತಲಿನ ಕೆಸರಿಗಿಂತ ಎಷ್ಟೋ ಪಟ್ಟು ಹೆಚ್ಚು. ಗಟ್ಟಿ ನೆಲೆ ಎಲ್ಲಿ ಸಿಕ್ಕರೂ ಜೀವ ಅಂಟಿಕೊಳ್ಳುತ್ತದೆ. ಉಷ್ಣ ಕಡಲಿನಲ್ಲಿ ಅಂಟಿಕೊಳ್ಳುವುದು ಹವಳ. ಕೆರಿಬಿಯನ್ನಿನ ವಿಯೆಕೆಸ್ ದ್ವೀಪದಲ್ಲಿ ಅಮೆರಿಕದ ನೌಕಾಪಡೆ ಸುಮಾರು ಅರವತ್ತು ವರ್ಷ ಗುಂಡು ಹಾರಿಸಿತು. 1999ರಲ್ಲಿ ದಾರಿ ತಪ್ಪಿದ ಬಾಂಬಿಗೆ ಅಲ್ಲಿನ ಕಾವಲುಗಾರನೊಬ್ಬ ಬಲಿಯಾದಾಗ ಜನ ಬೀದಿಗಿಳಿದರು, 2003ರಲ್ಲಿ ಗುಂಡು ನಿಂತಿತು. ಆದರೆ ತಳದ ಬಾಂಬುಗಳು ಹವಳದಿಂದ ಮುಚ್ಚಿಹೋಗಿದ್ದವು. ಹೀಗಾದಾಗ ಹವಳವನ್ನು ಮೊದಲು ಬಿಡಿಸಿ, ಬೇರೆ ಬಂಡೆಗೆ ಅಂಟಿಸಿ, ಅದು ಹಿಡಿಯಿತೇ ಎಂದು ನೋಡಿ, ಆಮೇಲೆ ಗುಂಡಿಗೆ ಕೈ ಹಾಕಬೇಕಾಗುತ್ತದೆ. ಮರಳು ಕದಡಿದರೆ ಅದೇ ಮರಳು ಹವಳದ ಮೇಲೆ ಕೂತು ಉಸಿರು ಕಟ್ಟಿಸುತ್ತದೆ. ಅಪಾಯ ಕಡಿಮೆ ಇದ್ದಲ್ಲಿ ಗುಂಡನ್ನು ಮುಟ್ಟದೆ, ಗುರುತು ಹಾಕಿ, ಕಾಯುತ್ತ ಇರುವುದೇ ಲೇಸು ಎಂಬ ತೀರ್ಮಾನಕ್ಕೂ ಬರಬೇಕಾಗಬಹುದು.

ನೇತ್ರಾಣಿಗೆ ಎಲ್ಲಕ್ಕಿಂತ ಹತ್ತಿರದ ಸಂಗಾತಿ ಹವಾಯಿಯ ಕಹೊಒಲಾವೆ. ಕಡಲದೇವರು ಕನಲೋವಾನಿಗೆ ಸೇರಿದ್ದೆಂದು ಅಲ್ಲಿನ ಮೂಲನಿವಾಸಿಗಳು ನಂಬಿದ ದ್ವೀಪ. ಎರಡನೇ ಮಹಾಯುದ್ಧದಿಂದ ಅದು ಗುರಿಯಾಯಿತು. 1976ರಲ್ಲಿ ಹವಾಯಿಯ ಯುವಕರು ದೋಣಿಯಲ್ಲಿ ಹೋಗಿ ನಿಷೇಧಿತ ದಂಡೆಗೆ ಕಾಲಿಟ್ಟರು, ಜೈಲಿಗೂ ಹೋದರು. 1990ರಲ್ಲಿ ಬಾಂಬ್ ನಿಂತಿತು. ಸುತ್ತಲಿನ ಎರಡು ಮೈಲಿ ಕಡಲು ಸೇರಿಸಿ ಮೀಸಲು ಪ್ರದೇಶ ಮಾಡಿದರು. ಹತ್ತು ವರ್ಷ, ಸುಮಾರು 40 ಕೋಟಿ ಡಾಲರ್ ಸುರಿದರೂ ನೆಲದ ಕಾಲು ಭಾಗ ಬಾಕಿ ಉಳಿಯಿತು. ನೀರಿನ ತಳ ಹಾಗೆಯೇ ಇದೆ. ಗುಂಡು ಹಾರಿಸುವ ಖರ್ಚಿಗಿಂತ ಅದನ್ನು ಹೆಕ್ಕುವ ಖರ್ಚು ಎಷ್ಟು ದೊಡ್ಡದು ಎಂಬುದನ್ನು ಅಲ್ಲಿ ಕಲಿಯಬಹುದು.

ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. ಬಂಡೆ ಕಟ್ಟುವ ಹವಳಕ್ಕೆ, ತಿಮಿಂಗಿಲ ಶಾರ್ಕಿಗೆ, ಬಿಳಿ ಹೊಟ್ಟೆಯ ಕಡಲ ಹದ್ದಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಹುಲಿಗೆ ಇರುವ ಸ್ಥಾನವೇ ಅವಕ್ಕೂ. ನಮ್ಮ ಘಟ್ಟದಲ್ಲಿ ಹುಲಿ ಮಲಗಿದ ಗುಡ್ಡಕ್ಕೆ ಫಿರಂಗಿ ಇಡುತ್ತೇವೆ ಎಂದರೆ ಸಕಲೇಶಪುರ ಸುಮ್ಮನಿರುತ್ತದೆಯೇ? ನೀರಿನೊಳಗೆ ಇರುವುದಕ್ಕೆ ಅದೇ ನ್ಯಾಯ ಯಾಕೆ ಬೇಡ?

ಆಗಬೇಕಾದ ಕೆಲಸದ ಕ್ರಮ ಈಗ ಸ್ಪಷ್ಟ. ನೇತ್ರಾಣಿಯ ಮೇಲೆ ಇನ್ನೆಂದೂ ಗುಂಡು ಹಾರದೆಂಬ ಮಾತು ಲಿಖಿತವಾಗಿ ಬರಬೇಕು. ಬೀಳುತ್ತಲೇ ಇರುವ ಕಡೆ ಹೆಕ್ಕುವುದಕ್ಕೆ ಅರ್ಥವಿಲ್ಲ. ಯಾವ ವರ್ಷ, ಯಾವ ದಿಕ್ಕಿನಿಂದ, ಯಾವ ಬಗೆಯ ಗುಂಡು ಹಾರಿತೆಂಬ ಕಡತವನ್ನು ನೌಕಾಪಡೆ ವಿಜ್ಞಾನಿಗಳ ಕೈಗೆ ಕೊಡಬೇಕು. ಮಳೆಗಾಲ ಕಳೆದು ನೀರು ತಿಳಿಯಾದ ತಿಂಗಳುಗಳಲ್ಲಿ ತಳದ ನಕ್ಷೆ ಆಗಬೇಕು: ಗುಂಡು ಎಲ್ಲಿ, ಹವಳ ಎಲ್ಲಿ, ಎರಡೂ ಒಂದಾಗಿರುವುದು ಎಲ್ಲಿ. ದಶಕಗಳಿಂದ ಬಲೆಗೆ ಏನೇನು ಸಿಕ್ಕಿಕೊಂಡಿದೆ ಎಂಬುದು ಭಟ್ಕಳ, ಮುರ್ಡೇಶ್ವರದ ಮೀನುಗಾರರಿಗೆ ಗೊತ್ತು. ಅವರನ್ನೂ ನಕ್ಷೆ ಮಾಡುವ ಮೇಜಿನ ಮುಂದೆ ಕೂರಿಸಬೇಕು. ಹದ್ದು ಗೂಡಿನಲ್ಲಿರುವ ತಿಂಗಳುಗಳಲ್ಲಿ ಯಾರೂ ದ್ವೀಪ ಹತ್ತಬಾರದು. ಸಿಡಿಸುವುದು ಕೊನೆಯ ದಾರಿಯಾಗಬೇಕು, ಅದೂ ಗುಳ್ಳೆಯ ಪರದೆಯೊಳಗೆ.

ಜೆರ್ಡನ್ ಸೇನೆಯ ಸಂಬಳ ಪಡೆಯುತ್ತಲೇ ಹಕ್ಕಿಗಳ ಲೆಕ್ಕ ಬರೆದ. ಸಮವಸ್ತ್ರಕ್ಕೂ ಕಾಳಜಿಗೂ ವೈರವಿಲ್ಲ ಎಂಬುದಕ್ಕೆ ಅವನ ಪುಸ್ತಕವೇ ಸಾಕ್ಷಿ. ಕಾರವಾರದಲ್ಲಿ ದೇಶದ ದೊಡ್ಡ ನೌಕಾನೆಲೆ ಇದೆ, ನುರಿತ ಮುಳುಗುಗಾರರಿದ್ದಾರೆ, ಮದ್ದು ನಿಷ್ಕ್ರಿಯಗೊಳಿಸುವ ಪರಿಣತರಿದ್ದಾರೆ. ನೇತ್ರಾಣಿಯ ತಳವನ್ನು ಒಂದು ಹವಳವನ್ನೂ ಅನ್ಯಾಯವಾಗಿ ಕಳೆದುಕೊಳ್ಳದೆ ತೆರವು ಮಾಡಿ ತೋರಿಸಬಲ್ಲವರು ಅವರೇ. ಮಾಡಿದರೆ ದೇಶದ ಬೇರೆ ಗುರಿದ್ವೀಪಗಳಿಗೂ ಅದೇ ಮಾದರಿಯಾಗುತ್ತದೆ. ಕಾಪಾಡುವ ಕೆಲಸದಲ್ಲಿ ಕಡಲಗಡಿಯಷ್ಟೇ ಅಲ್ಲದೆ ಕಡಲೂ ಸೇರಿದೆ ಎಂದು ನೌಕಾಪಡೆ ಒಪ್ಪಿಕೊಳ್ಳಬೇಕು, ಮತ್ತು ಒಪ್ಪುವಂತೆ ಕೇಳುವ ಕೆಲಸ ಕರಾವಳಿಯವರೊಬ್ಬರದೇ ಅಲ್ಲ, ಅವರ ಮೀನು ತಿನ್ನುವ ಘಟ್ಟದ ಮೇಲಿನ ನಮ್ಮದೂ ಹೌದು.