ಮೂಗಿನ ಸ್ಟಿರಾಯ್ಡ್ ಸ್ಪ್ರೇ: ಅಂಜಬೇಕಾದುದು ಯಾವುದಕ್ಕೆ?

ರೋಣ, ನರಗುಂದದ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆಗಳ ರಾಶಿ ಆರಂಭವಾಯಿತೆಂದರೆ ಮನೆಮನೆಯಲ್ಲಿಯೂ ಸೀನಿನ ಸದ್ದು ಕೇಳಿಬರುತ್ತದೆ. ಗಜೇಂದ್ರಗಡದ ನೇಕಾರ ಮನೆಗಳಲ್ಲಿ ನೂಲಿನ ಧೂಳಿಗೆ ಋತುಮಾನವೇ ಇಲ್ಲ. ಮಳೆಯ ಬೆನ್ನಿಗೆ ದಾರಿಬದಿಯಲ್ಲೆಲ್ಲ ಹೂಬಿಡುವ ಕಾಂಗ್ರೆಸ್ ಕಸದ ಪರಾಗವೂ ಅನೇಕರ ಮೂಗಿಗೆ ಆಗಿಬರುವುದಿಲ್ಲ. ನೆಗಡಿಯಾದರೆ ಏಳೆಂಟು ದಿನಗಳಲ್ಲಿ ಇಳಿಯುತ್ತದೆ. ವಾರಗಟ್ಟಲೆ ನೀರಿನಂತೆ ಮೂಗು ಸೋರುವುದು, ಸಾಲುಸಾಲಾಗಿ ಸೀನು ಬರುವುದು, ಮೂಗು-ಕಣ್ಣುಗಳಲ್ಲಿ ತುರಿಕೆ ಕಾಣುವುದು, ಇವು ಅಲರ್ಜಿಯ ಲಕ್ಷಣಗಳು.

ನಮ್ಮ ಹತ್ತಿರದ ಹಿರಿಯರೊಬ್ಬರಿಗೆ ವೈದ್ಯರು ಸ್ಟಿರಾಯ್ಡ್ ಸ್ಪ್ರೇ ಬರೆದುಕೊಟ್ಟಿದ್ದರು. "ಸ್ಟಿರಾಯ್ಡ್ ಅಂದ್ರ ಎಲುಬು ಸವೀತಾವಂತ, ನನಗ ಬ್ಯಾಡಪಾ" ಎಂದು ಅವರು ಅದನ್ನು ಕಪಾಟಿನಲ್ಲಿಟ್ಟು, ಅಂಗಡಿಯಿಂದ ತಾವೇ ತಂದ ಮೂಗಿನ ಹನಿಯನ್ನು ಎರಡು ವರ್ಷ ಹಾಕಿಕೊಂಡರು. ಕೊನೆಗೆ ಹನಿಯಿಲ್ಲದೆ ರಾತ್ರಿ ಉಸಿರಾಡುವುದೇ ಕಷ್ಟವಾಯಿತು. ಝೈಲೋಮೆಟಾಝೋಲಿನ್, ಆಕ್ಸಿಮೆಟಾಝೋಲಿನ್ ಇರುವ ಇಂಥ ಹನಿಗಳು ರಕ್ತನಾಳಗಳನ್ನು ಕುಗ್ಗಿಸಿ ನಿಮಿಷಗಳಲ್ಲಿಯೇ ಮೂಗನ್ನು ತೆರೆಯುತ್ತವೆ ನಿಜ. ಆದರೆ ಐದು ದಿನ ಮೀರಿ ಬಳಸುತ್ತ ಹೋದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟತೊಡಗುತ್ತದೆ.

ಎಲುಬು ಸವೆಸುವ, ಸಕ್ಕರೆ ಏರಿಸುವ ಅಂಜಿಕೆ ಸುಳ್ಳಲ್ಲ. ಅದು ದೀರ್ಘಕಾಲ ನುಂಗುವ ಸ್ಟಿರಾಯ್ಡ್ ಗುಳಿಗೆಗಳಿಗೂ, ಸೀನು ನಿಲ್ಲಲೆಂದು ಪದೇ ಪದೇ ಹಾಕಿಸಿಕೊಳ್ಳುವ ಸೂಜಿಗೂ ಸಲ್ಲತಕ್ಕದ್ದು. ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಸ್ಪ್ರೇ ಒಮ್ಮೆ ಒತ್ತಿದರೆ ಬರುವುದು ಸಾಮಾನ್ಯವಾಗಿ 50 ಮೈಕ್ರೋಗ್ರಾಂ. ವಯಸ್ಕರು ದಿನಕ್ಕೊಮ್ಮೆ ಪ್ರತಿ ಹೊಳ್ಳೆಗೆ ಎರಡು ಸಲ ಒತ್ತಿಕೊಂಡರೂ ಅದು 200 ಮೈಕ್ರೋಗ್ರಾಂ. ಅದರಲ್ಲಿ ರಕ್ತವನ್ನು ಸೇರುವುದು ನೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಉಪಶಮನ ದೊರೆತ ಮೇಲೆ ವೈದ್ಯರು ಒಂದೊಂದು ಸಲಕ್ಕೆ ಇಳಿಸುವುದುಂಟು.

ಗುಣದಲ್ಲಿ ಇವೆರಡಕ್ಕೂ ಬ್ಯುಡೆಸೊನೈಡ್‌ಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಬೆಲೆ ನೋಡಿ ಆರಿಸಿದರೂ ತಪ್ಪಲ್ಲ. ಗರ್ಭಿಣಿಯರಿಗೆ ವೈದ್ಯರು ಬ್ಯುಡೆಸೊನೈಡ್ ಕಡೆಗೆ ಒಲಿಯುತ್ತಾರೆ.

ಬಳಸುವ ಕ್ರಮದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಮೊದಲು ಮೂಗು ಸೀಟಿ ಸ್ವಚ್ಛ ಮಾಡಿಕೊಳ್ಳಬೇಕು. ಬಾಟಲಿಯನ್ನು ಅಲುಗಾಡಿಸಬೇಕು, ಹೊಸದಾಗಿದ್ದರೆ ಮಂಜಿನಂತೆ ಬರುವವರೆಗೆ ಗಾಳಿಯಲ್ಲಿ ಕೆಲವು ಸಲ ಒತ್ತಬೇಕು. ಹನಿ ಹಾಕುವವರಂತೆ ತಲೆಯನ್ನು ಹಿಂದಕ್ಕೆ ಚೆಲ್ಲದೆ, ತುಸು ಮುಂದಕ್ಕೆ ಬಾಗಿಸಬೇಕು. ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಿಡಿದರೆ ಕೊಳವೆಯ ತುದಿ ತಾನಾಗಿಯೇ ಹೊರಗೋಡೆಯ ಕಡೆಗೆ, ಅಂದರೆ ಕಿವಿಯ ದಿಕ್ಕಿಗೆ ತಿರುಗುತ್ತದೆ. ನಡುಗೋಡೆಗೆ ಸಿಂಪಡಿಸಿದರೆ ಅದು ಒಣಗಿ ರಕ್ತ ಬರಬಹುದು. ಮೆಲ್ಲನೆ ಉಸಿರೆಳೆದರೆ ಸಾಕು. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಇಳಿಯುತ್ತದೆ.

ಒಂದೇ ದಿನದಲ್ಲಿ ಫಲ ಕಾಣದೆಂದು ಕೈಬಿಡಬಾರದು; ಪೂರ್ಣ ಗುಣಕ್ಕೆ ಎರಡು ವಾರ ಬೇಕಾಗಬಹುದು. ಆದ್ದರಿಂದ ಪ್ರತಿವರ್ಷ ರಾಶಿಯ ಹೊತ್ತಿಗೆ ನರಳುವವರು ಎರಡು ವಾರ ಮೊದಲೇ ಆರಂಭಿಸುವುದು ಲೇಸು. ಕಣದಲ್ಲಿ ಮೂಗು-ಬಾಯಿಗೆ ಬಟ್ಟೆ ಕಟ್ಟುವುದನ್ನಂತೂ ಬಿಡಬಾರದು.

ಗ್ಲಾಕೋಮಾ, ಕಣ್ಣಿನ ಪೊರೆ ಇರುವವರು, ಇತ್ತೀಚೆಗೆ ಮೂಗಿನ ಶಸ್ತ್ರಚಿಕಿತ್ಸೆಯಾದವರು, ಎಚ್.ಐ.ವಿ. ಔಷಧಿ ಸೇವಿಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ರಕ್ತ ಮರಳಿ ಮರಳಿ ಬರುತ್ತಿದ್ದರೆ, ಎದೆಯಲ್ಲಿ ಸುಂಯ್‌ಗುಟ್ಟಿದರೆ ತಡಮಾಡದೆ ತೋರಿಸಿಕೊಳ್ಳಬೇಕು. ತಿಂಗಳಾದರೂ ಗುಣ ಕಾಣದಿದ್ದರೂ ಅಷ್ಟೇ.

ಮೇಲೆ ಹೇಳಿದ ಹಿರಿಯರು ಕಪಾಟಿನ ಸ್ಪ್ರೇಯ ಅವಧಿ ಮುಗಿದಿದ್ದರಿಂದ ಹೊಸದನ್ನು ತಂದರು. ಹನಿ ಬಿಟ್ಟ ಮೊದಲ ವಾರ ತುಂಬ ಕಾಡಿತು. ಮೂರನೆಯ ವಾರದಿಂದ ನಿದ್ರೆ ಬಂತು. ಲೇಬಲ್ಲಿನಲ್ಲಿ 120 ಸಲ ಎಂದಿದ್ದರೆ ದಿನಕ್ಕೆ ನಾಲ್ಕರಂತೆ 30 ದಿನಕ್ಕೆ ಮುಗಿಯಿತು. ಆಮೇಲೆ ತಳದಲ್ಲಿ ಔಷಧಿ ಕಂಡರೂ ಪ್ರಮಾಣ ಸರಿಯಾಗಿ ಬಾರದೆಂದು, ತೆರೆದ ದಿನಾಂಕವನ್ನು ಅವರು ಈಗ ಬಾಟಲಿಯ ಮೇಲೆಯೇ ಬರೆದಿಡುತ್ತಾರೆ.