ಚೆಂಡು ಕೈಗೆ ಸಿಕ್ಕರೂ ಅಂಕ ಎದುರಾಳಿಗೆ: ಥ್ರೋಬಾಲ್ ನಿಯಮಗಳೇನು?

ಜಮಖಂಡಿ: ಶಾಲಾ ಕ್ರೀಡಾಕೂಟಗಳು ಆರಂಭವಾದೊಡನೆ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಯ ಮೈದಾನಗಳಲ್ಲಿ ಸುಣ್ಣದ ಗೆರೆಗಳು ಮೂಡುತ್ತವೆ. ಕುಸ್ತಿ, ಕಬಡ್ಡಿ, ಕೊಕ್ಕೊ ನಿಯಮಗಳನ್ನು ಈ ಭಾಗದ ಜನರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬಾಲಕಿಯರ ಥ್ರೋಬಾಲ್ ಪಂದ್ಯ ನೋಡಲು ನಿಂತವರು ಆಗಾಗ ತಬ್ಬಿಬ್ಬಾಗುತ್ತಾರೆ. ಚೆಂಡು ಕೈಗೆ ಸಿಕ್ಕಿದೆ, ನೆಲಕ್ಕೆ ಬಿದ್ದಿಲ್ಲ. ಆದರೂ ನಿರ್ಣಾಯಕರು ಸೀಟಿ ಊದಿ ಎದುರಾಳಿಗೆ ಅಂಕ ಕೊಟ್ಟಿರುತ್ತಾರೆ.

ಸೋತವರು ಹೊರಬೀಳುವ ಪದ್ಧತಿಯ ಕೂಟಗಳಲ್ಲಿ ಇಂತಹ ನಾಲ್ಕೈದು ಸೀಟಿಗಳೇ ಸಾಕು. ಬಾಗಲಕೋಟೆ ಜಿಲ್ಲಾ ಮಟ್ಟ, ಬೆಳಗಾವಿ ವಿಭಾಗ, ರಾಜ್ಯಮಟ್ಟ ಎಂಬ ಮೆಟ್ಟಿಲುಗಳನ್ನು ಏರಬೇಕಿದ್ದ ಹತ್ತನೇ ತರಗತಿಯ ಹುಡುಗಿಯ ಶಾಲಾ ಆಟ ತಾಲ್ಲೂಕಿನಲ್ಲೇ ಮುಗಿಯುತ್ತದೆ. ಎಷ್ಟೋ ಬಾರಿ ಅಲ್ಲಿ ಕೊರತೆಯಾಗುವುದು ತೋಳಿನ ಬಲವಲ್ಲ, ನಿಯಮದ ಅರಿವು.

ಥ್ರೋಬಾಲ್ ಒಂದು ಬೆರಕೆ ಆಟ. ಬಲೆ ಮತ್ತು ಅಂಕಣ ವಾಲಿಬಾಲ್‌ನವು. ಹಿಡಿದು ಎಸೆಯುವ ಕ್ರಮ ಅಮೆರಿಕದಲ್ಲಿ 1895ರಲ್ಲಿ ಮಹಿಳೆಯರಿಗಾಗಿ ರೂಪುಗೊಂಡ ನ್ಯೂಕೊಂಬ್ ಆಟವನ್ನು ಹೋಲುತ್ತದೆ. ವಾಲಿಬಾಲ್ ಹುಟ್ಟಿದ್ದೂ ಅದೇ ವರ್ಷ. ಭಾರತದಲ್ಲಿ ಇದು 1940ರ ದಶಕದಲ್ಲಿ ಮದ್ರಾಸಿನ ವೈಎಂಸಿಎ ಮೂಲಕ ಮಹಿಳೆಯರ ಆಟವಾಗಿ ಬೇರೂರಿ, 1950ರ ದಶಕದಲ್ಲಿ ಬೆಂಗಳೂರು ತಲುಪಿತು.

ಅಂಕಣದ ಉದ್ದ 18.30 ಮೀಟರ್, ಅಗಲ 12.20 ಮೀಟರ್. ಬಲೆಯ ಎತ್ತರ 2.20 ಮೀಟರ್. ನಡುಗೆರೆಯ ಎರಡೂ ಬದಿಗೆ ತಲಾ ಒಂದು ಮೀಟರ್ ತಟಸ್ಥ ವಲಯವಿದ್ದು, ಆಟಗಾರ್ತಿಯರು ಅದನ್ನು ತುಳಿಯುವಂತಿಲ್ಲ. ವಾಲಿಬಾಲ್ ಅಂಕಣದ ಅಗಲ ಕೇವಲ 9 ಮೀಟರ್. ಶಾಲೆಯಲ್ಲಿರುವ ಒಂದೇ ವಾಲಿಬಾಲ್ ಅಂಕಣದಲ್ಲಿ ಅಭ್ಯಾಸ ಮಾಡಿದ ತಂಡಕ್ಕೆ ಕೂಟದ ದಿನ 3.20 ಮೀಟರ್ ಹೆಚ್ಚುವರಿ ಜಾಗ ಕಾಯಬೇಕಾಗುತ್ತದೆ. ಎದುರಾಳಿ ಚೆಂಡು ಇಳಿಸುವುದೂ ಆ ಅಂಚಿನಲ್ಲೇ.

ಒಂದು ತಂಡದಿಂದ ಏಳು ಮಂದಿ ಕಣಕ್ಕಿಳಿಯುತ್ತಾರೆ. ಸರ್ವೀಸ್ ಎದುರಿಸುವಾಗ ಅವರು 2-3-2ರ ಸಾಲಿನಲ್ಲಿ ನಿಲ್ಲಬೇಕು. ಸೀಟಿಯಾದ ಐದು ಸೆಕೆಂಡುಗಳೊಳಗೆ ಹಿಂಗೆರೆಯ ಆಚೆಯಿಂದ ಸರ್ವೀಸ್ ಮಾಡಬೇಕು. ಸರ್ವೀಸ್ ಚೆಂಡು ಬಲೆಗೆ ತಾಗಿದರೆ ಅಂಕ ಹೋಯಿತು. ಆಟದ ನಡುವೆ ತಾಗಿ ದಾಟಿದರೆ ತಪ್ಪಿಲ್ಲ. ಪ್ರೇಕ್ಷಕರ ವಾಗ್ವಾದ ಬಹುತೇಕ ಈ ವ್ಯತ್ಯಾಸದಿಂದಲೇ ಶುರುವಾಗುತ್ತದೆ.

ಆಟದ ಜೀವಾಳ ಹಿಡಿತ. ಚೆಂಡನ್ನು ಎರಡೂ ಕೈಗಳಿಂದ, ಒಂದೇ ಸಲಕ್ಕೆ ಹಿಡಿಯಬೇಕು. ಬೆರಳ ತುದಿಗೆ ಬಡಿದು ಪುಟಿದ ಚೆಂಡನ್ನು ಮತ್ತೆ ಹಿಡಿದರೆ ಫೌಲ್. ಅಂಗೈಯಲ್ಲಿ ಚೆಂಡು ಹೊರಳಿದರೂ ಫೌಲ್. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿದವರಂತೆ ಎದೆಗವಚಿಕೊಳ್ಳುವುದು ಹೊಸಬರ ಸಹಜ ಪ್ರವೃತ್ತಿ. ಇಲ್ಲಿ ಚೆಂಡು ಮೈಗೆ ತಾಗಿದರೆ ಅಂಕ ಎದುರಾಳಿಯ ಪಾಲು. ಇಬ್ಬರು ಏಕಕಾಲಕ್ಕೆ ಹಿಡಿಯುವಂತಿಲ್ಲ. ಹಿಡಿಯುವಾಗ ಕಾಲು ನೆಲ ಬಿಡಬಾರದು. ತಲೆಯ ಮೇಲೆ ಹಾರಿಹೋಗುವ ಚೆಂಡಿಗೆ ನೆಗೆಯದೆ ಹಿಂದಿದ್ದವಳಿಗೆ ಬಿಟ್ಟುಕೊಡುವುದು ಕಲಿಯಲು ಅತ್ಯಂತ ಕಷ್ಟದ ಪಾಠ.

ಹಿಡಿದವಳೇ ಎಸೆಯಬೇಕು. ಜೊತೆಗಾರ್ತಿಗೆ ಪಾಸ್ ಕೊಡುವಂತಿಲ್ಲ. ಹೀಗಾಗಿ ವಾಲಿಬಾಲ್‌ನಂತೆ ಒಬ್ಬಳು ಎತ್ತಿಕೊಟ್ಟು ಇನ್ನೊಬ್ಬಳು ಹೊಡೆಯುವ ಹೊಂದಾಣಿಕೆಗೆ ಇಲ್ಲಿ ಎಡೆಯಿಲ್ಲ; ದುರ್ಬಲ ಆಟಗಾರ್ತಿಯನ್ನು ಮರೆಮಾಡಲೂ ಆಗದು. ಮೂರು ಸೆಕೆಂಡುಗಳೊಳಗೆ, ಒಂದೇ ಕೈಯಿಂದ, ಭುಜದ ಮಟ್ಟಕ್ಕಿಂತ ಮೇಲಿನಿಂದ ಎಸೆತ ಸಾಗಬೇಕು. ಎಸೆಯುವಾಗ ಮಾತ್ರ ನೆಗೆಯಬಹುದು.

ಪ್ರತಿ ತಪ್ಪಿಗೂ ಎದುರಾಳಿಗೆ ಒಂದು ಅಂಕ. ರೂಢಿಯ ನಿಯಮದಂತೆ ಮೊದಲು 15 ಅಂಕ ಗಳಿಸಿದ ತಂಡಕ್ಕೆ ಸೆಟ್, ಮೂರರಲ್ಲಿ ಎರಡು ಸೆಟ್ ಗೆದ್ದವರಿಗೆ ಪಂದ್ಯ. ಪ್ರತಿ ಸೆಟ್‌ನಲ್ಲಿ ತಂಡವೊಂದು 30 ಸೆಕೆಂಡುಗಳ ಎರಡು ವಿರಾಮ ಕೇಳಬಹುದು. ಸ್ಥಳೀಯ ಕೂಟಗಳಲ್ಲಿ ಸಂಘಟಕರು ಅಂಕಗಳ ಸಂಖ್ಯೆ ಬದಲಿಸುವುದುಂಟು. ನಾಣ್ಯ ಚಿಮ್ಮುವ ಮೊದಲೇ ನಾಯಕಿ ಅದನ್ನು ನಿರ್ಣಾಯಕರಲ್ಲಿ ಕೇಳಿಕೊಳ್ಳುವುದು ಒಳಿತು.